ರಾಡಿನ ನೂಲು ಸುತ್ತಿನ ಮೇಲೆ ಎಪಾಕ್ಸಿ ನಯವಾಗಿ ಕೂರ್ತಾ ಇಲ್ಲ, ಏನು ಮಾಡುವುದು?

ಗಂಗೊಳ್ಳಿ_ಗಾಳ

ಎಲ್ಲರಿಗೂ ನಮಸ್ಕಾರ. ದಡದಿಂದ ಗಾಳ ಎಸೆಯುವ ನನ್ನ ಹತ್ತು ಅಡಿಯ ಸರ್ಫ್ ರಾಡಿನಲ್ಲಿ ದಾರ ಹಾಯುವ ಎರಡು ಉಂಗುರಗಳ, ಅಂದ್ರೆ ಗೈಡ್‌ಗಳ ಕಾಲು ಉಪ್ಪುನೀರಿಗೆ ತುಕ್ಕು ಹಿಡಿದು ಅಲ್ಲಾಡ್ತಾ ಇದ್ದವು. ರಾಡ್ ರಿಪೇರಿ ಮಾಡುವ ಅಂಗಡಿ ನಮ್ಮ ಕಡೆ ಇಲ್ಲ, ಹಾಗಾಗಿ ನಾನೇ ಕೂತೆ. ಹಳೆ ನೂಲು ತೆಗೆದು, ಹೊಸ ಸ್ಟೀಲ್ ಗೈಡ್ ಇಟ್ಟು, ಕಡುನೀಲಿ ನೂಲು ಸುತ್ತಿ, ಎರಡೂ ತುದಿಗೆ ಬಂಗಾರ ಬಣ್ಣದ ನಾಲ್ಕು ಸುತ್ತು ಕೊಟ್ಟೆ. ಸುತ್ತಿನ ಬಗ್ಗೆ ತಕರಾರಿಲ್ಲ, ನೋಡಿದವರೆಲ್ಲ ಹೊಸ ರಾಡಾ ಅಂತ ಕೇಳಿದ್ರು.

ಹಾಳಾದದ್ದು ನೂಲಿನ ಮೇಲೆ ಎಪಾಕ್ಸಿ (ರೆಸಿನ್, ಹಾರ್ಡನರ್ ಅಂತ ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಲೇಪ) ಹಚ್ಚಿದ ಮೇಲೆ. ಕ್ರಾಫ್ಟ್ ಸಾಮಾನಿನ ಅಂಗಡಿಯಲ್ಲಿ ಸಿಗುವ ರೆಸಿನ್ ಆರ್ಟ್ ಎಪಾಕ್ಸಿ, ಡಬ್ಬಿಯ ಮೇಲೆ 3:1 ಅಂತ ಉಂಟು. ಮೆಡಿಕಲ್ ಶಾಪಿನ ಸಿರಿಂಜಿನಲ್ಲಿ ಒಂದೂವರೆ ಮಿ.ಲೀ. ರೆಸಿನ್, ಅರ್ಧ ಮಿ.ಲೀ. ಹಾರ್ಡನರ್ ತೆಗೆದು ಐಸ್‌ಕ್ರೀಮ್ ಕಡ್ಡಿಯಲ್ಲಿ ಕಲಸಿ ಮಕ್ಕಳ ಪೇಂಟಿಂಗ್ ಬ್ರಷ್‌ನಲ್ಲಿ ಹಚ್ಚಿದೆ. ನಾಲ್ಕು ದಿನ ಆಯ್ತು, ಇನ್ನೂ ಬೆರಳು ಒತ್ತಿದರೆ ಗುರುತು ಬೀಳ್ತದೆ. ಗೈಡಿನ ಕಾಲಿನ ಎರಡೂ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ. ಒಂದು ಬದಿಗೆ ಹೊಟ್ಟೆ ಬಂದಿದೆ, ಇನ್ನೊಂದು ಬದಿಯಲ್ಲಿ ನೂಲು ಬರಿದೇ ಕಾಣ್ತದೆ. ಬಂಗಾರದ ಸುತ್ತಿನ ಮೇಲೆ ಎಪಾಕ್ಸಿ ನಿಲ್ಲದೆ ಅಲ್ಲಲ್ಲಿ ಸೂಜಿ ಚುಚ್ಚಿದ ಹಾಗೆ ಕುಳಿ. ಸಾಲದ್ದಕ್ಕೆ ನೂಲಿನಿಂದ ಸಣ್ಣ ಸಣ್ಣ ಎಳೆ ಎದ್ದು ನಿಂತಿವೆ.

ಅಂಗಡಿಯಿಂದ ಬಂದ ರಾಡ್‌ಗಳಲ್ಲಿ ಅದು ಹೇಗೆ ಅಷ್ಟು ನಯ ಬರ್ತದೆ? ಅವರು ಏನಾದ್ರೂ ಬೇರೆ ಬ್ರಷ್ ಬಳಸ್ತಾರಾ?

ಮಲ್ಪೆ_ಮಿತ್ರ

ಹಾರ್ಡನರ್ ಸ್ವಲ್ಪ ಧಾರಾಳ ಹಾಕಿ ಅಣ್ಣಾ. ಮಳೆಗಾಲದಲ್ಲಿ ಗಟ್ಟಿಯಾಗುವುದು ತಡ. ನಮ್ಮಲ್ಲಿ ಬೋಟ್ ಕಟ್ಟುವವರು ಹಾಗೇ ಮಾಡುವುದು, ಮೋಡ ಕಂಡರೆ ನಾಲ್ಕು ಹನಿ ಜಾಸ್ತಿ.

ನೂಲುಗಂಟು

ಮಲ್ಪೆಯವರು ಬೇಸರ ಮಾಡ್ಬೇಡಿ, ಆ ಸಲಹೆ ಮಾತ್ರ ಬೇಡ. ಬೋಟ್ ಯಾರ್ಡಿನಲ್ಲಿ ಫೈಬರ್ ದೋಣಿಗೆ ಹಾಕುವುದು ಪಾಲಿಯೆಸ್ಟರ್ ರೆಸಿನ್. ಅದಕ್ಕೆ ಕ್ಯಾಟಲಿಸ್ಟ್ ಬೀಳುವುದು ನೂರಕ್ಕೆ ಒಂದೆರಡು ಪಾಲು, ಅದನ್ನು ಹವೆ ನೋಡಿಕೊಂಡು ಹೆಚ್ಚು ಕಮ್ಮಿ ಮಾಡಿದರೆ ಬೇಗವೋ ನಿಧಾನವೋ ಸೆಟ್ ಆಗ್ತದೆ. ಎಪಾಕ್ಸಿಯ ಲೆಕ್ಕ ಬೇರೆ. ಇಲ್ಲಿ ಹಾರ್ಡನರ್ ತಾನೇ ರೆಸಿನ್ ಜೊತೆ ಕೂಡಿಕೊಂಡು ಗಟ್ಟಿಯಾಗುವ ವಸ್ತು. ಹೆಚ್ಚಾದದ್ದು ಜೋಡಿ ಸಿಗದೆ ಒಳಗೇ ಉಳೀತದೆ, ಕಮ್ಮಿಯಾದರೆ ರೆಸಿನ್ ಉಳೀತದೆ. ಎರಡು ಸಂದರ್ಭದಲ್ಲೂ ನಿಮಗೆ ಸಿಗುವುದು ಅಂಟು.

ಗಂಗೊಳ್ಳಿಯವರೇ, ನಿಮ್ಮದು ಬ್ರಷ್‌ನ ಸಮಸ್ಯೆ ಅಲ್ಲ. ಬ್ರಷ್ ಎಪಾಕ್ಸಿಯನ್ನು ನೂಲಿನ ತನಕ ತಲುಪಿಸುವ ಸಾಧನ ಅಷ್ಟೆ, ನಯ ಮಾಡುವುದು ಅದರ ಕೆಲಸವಲ್ಲ. ಸರಿಯಾಗಿ ಅಳೆದ, ಸರಿಯಾಗಿ ಕಲಸಿದ, ತೆಳ್ಳಗೆ ಹಚ್ಚಿದ ಎಪಾಕ್ಸಿ ರಾಡ್ ತಿರುಗ್ತಾ ಇದ್ದರೆ ತನ್ನಷ್ಟಕ್ಕೆ ಸಮ ಆಗ್ತದೆ. ನಾವು ತಿದ್ದಲಿಕ್ಕೆ ಹೋದಷ್ಟೂ ಕೆಡ್ತದೆ.

ಮೊದಲು ಆ ಡಬ್ಬಿ ತೆಗೆದು ಸಣ್ಣ ಅಕ್ಷರ ಓದಿ. 3:1 ಅಂದದ್ದು ತೂಕದಲ್ಲೋ ಅಳತೆಯಲ್ಲೋ? ಕ್ರಾಫ್ಟ್ ಎಪಾಕ್ಸಿಯಲ್ಲಿ ತೂಕದ ಲೆಕ್ಕದ್ದೂ ಉಂಟು. ರೆಸಿನ್ ಒಂದು ಮಿ.ಲೀ.ಗೆ 1.1 ಗ್ರಾಂ ದಾಟುತ್ತದೆ, ಹಾರ್ಡನರ್ 1 ಗ್ರಾಮಿನ ಆಸುಪಾಸು. ತೂಕದ 3:1 ಅನ್ನು ಸಿರಿಂಜಿನಲ್ಲಿ ಅಳೆದರೆ ಹಾರ್ಡನರ್ ನೂರಕ್ಕೆ ಹತ್ತು ಹದಿನೈದು ಪಾಲು ಕಮ್ಮಿ ಬೀಳ್ತದೆ. ಅದರ ಮೇಲೆ ನೀವು ತೆಗೆದದ್ದೇ ಅರ್ಧ ಮಿ.ಲೀ. ಸಿರಿಂಜಿನ ಮೂತಿಯಲ್ಲಿ ಒಂದು ಹನಿ ಉಳಿದರೂ ಹತ್ತರಲ್ಲಿ ಒಂದು ಪಾಲು ಹೋಯ್ತು. ಬೇಕಾದದ್ದು ಒಂದೇ ಮಿ.ಲೀ. ಇರಲಿ, ಕಲಸುವುದು ಕನಿಷ್ಠ ಆರು ಮಿ.ಲೀ. ಕಲಸಿ. ಉಳಿದದ್ದು ದಂಡ ಅಂತ ಜೀವ ಚುರುಗುಟ್ಟಬಹುದು, ಗೈಡ್ ಎರಡೆರಡು ಸಲ ಕಟ್ಟುವುದಕ್ಕಿಂತ ಅದು ಅಗ್ಗ.

ನಿಜ ಹೇಳ್ಬೇಕಂದ್ರೆ ಆ ಕ್ರಾಫ್ಟ್ ಎಪಾಕ್ಸಿಯನ್ನೇ ಬಿಡಿ. ಅದು ಟೇಬಲ್ಲಿನ ಮೇಲೆ ಮಲಗಿರಲಿಕ್ಕೆ ಮಾಡಿದ್ದು, ರಾಡ್ ಬಗ್ಗುತ್ತದೆ. ಒಂದು ದೊಡ್ಡ ತೊರಕೆ ಮೀನು ಸಿಕ್ಕಿ ರಾಡ್ ಬಿಲ್ಲಾದಾಗ ಗಡಸು ಎಪಾಕ್ಸಿ ಗೈಡಿನ ಕಾಲಿನ ತುದಿಯಲ್ಲೇ ಬಿರುಕು ಬಿಡುವುದು, ಆ ಬಿರುಕಿನಲ್ಲಿ ಉಪ್ಪುನೀರು ಹೋಗಿ ಪುನಃ ಅದೇ ತುಕ್ಕು. ರಾಡ್ ಕಟ್ಟುವವರಿಗೆಂದೇ ಬರುವ ಫಿನಿಶ್, ಫ್ಲೆಕ್ಸ್ ಕೋಟ್ ಥರದ್ದು, ಗಟ್ಟಿಯಾದ ಮೇಲೂ ಸ್ವಲ್ಪ ಬಾಗ್ತದೆ. ಅಳತೆಯೂ ಸುಲಭ, 1:1, ಮಿ.ಲೀ. ಲೆಕ್ಕ. ಅರಾಲ್ಡೈಟ್ ಅಂತ ಯಾರಾದ್ರೂ ಹೇಳಿಯೇ ಹೇಳ್ತಾರೆ. ಅದು ಹಿಡಿ ಅಂಟಿಸಲಿಕ್ಕೆ ಒಳ್ಳೇದು, ನೂಲಿನ ಮೇಲೆ ದಪ್ಪ, ಹಳದಿ, ಹರಿಯುವುದೂ ಇಲ್ಲ. ಐದು ನಿಮಿಷದ್ದಾದರೆ ನೀವು ಎರಡನೇ ಗೈಡಿಗೆ ಹೋಗುವಷ್ಟರಲ್ಲಿ ಬ್ರಷ್ ಕಡ್ಡಿ ಆಗಿರ್ತದೆ.

ಆ ಕುಳಿಗಳು ಎಣ್ಣೆಯ ಕೆಲಸ. ಸಿರಿಂಜಿನ ಕಪ್ಪು ರಬ್ಬರ್ ಜಾರಲಿ ಅಂತ ಸಿಲಿಕೋನ್ ಎಣ್ಣೆ ಸವರಿರ್ತಾರೆ, ಅದರ ಲವಲೇಶ ಸೇರಿದರೂ ಎಪಾಕ್ಸಿ ಆ ಜಾಗ ಬಿಟ್ಟು ಹಿಂದೆ ಸರೀತದೆ. ರಬ್ಬರ್ ಇಲ್ಲದ, ಪೂರಾ ಪ್ಲಾಸ್ಟಿಕ್ಕಿನ ಸಿರಿಂಜ್ ಬರ್ತದೆ, ಅದನ್ನು ಕೇಳಿ. ಇನ್ನೊಂದು ಕಡೆಯಿಂದ ಬರುವುದು ನಮ್ಮ ಕೈಯಿಂದ. ತಲೆಗೆ ತೆಂಗಿನೆಣ್ಣೆ ಹಚ್ಚಿ, ಅದೇ ಬೆರಳಲ್ಲಿ ಬಂಗಾರದ ನೂಲನ್ನು ಒತ್ತಿ ಒತ್ತಿ ಸರಿ ಮಾಡಿರ್ತೇವೆ. ಸುತ್ತುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ, ಬ್ಲಾಂಕನ್ನು (ಅಂದ್ರೆ ರಾಡಿನ ಬರೀ ಕೋಲನ್ನು) ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ಒರೆಸಿ. ರೀಲಿಗೆ ಸಿಲಿಕೋನ್ ಸ್ಪ್ರೇ ಹೊಡೆಯುವ ಅಭ್ಯಾಸ ಉಂಟಾದರೆ ಆ ಕೋಣೆಯಲ್ಲಿ ಈ ಕೆಲಸ ಮಾಡಬೇಡಿ.

ಎದ್ದು ನಿಂತ ಎಳೆ ಅಂದ್ರಲ್ಲ, ಟೈಲರ್ ನೂಲು ಹಾಕಿದ್ದೀರಿ ಅಂತ ಕಾಣ್ತದೆ. ಅದು ತುಂಡು ನಾರು ಹೊಸೆದು ಮಾಡಿದ್ದು, ರೋಮ ಇದ್ದದ್ದೇ. ರಾಡಿಗೆ ಬೇಕಾದದ್ದು ಉದ್ದ ಎಳೆಯ ನೈಲಾನ್, ಎ ಸೈಜ್ ತೆಳು, ಡಿ ಸೈಜ್ ದಪ್ಪ. ಯಾವುದೇ ಇರಲಿ, ಎಪಾಕ್ಸಿಗೆ ಮೊದಲು ಸ್ಪಿರಿಟ್ ದೀಪದ ಜ್ವಾಲೆಯ ಹತ್ತಿರ ಸುತ್ತನ್ನು ಸರ್ರನೆ ಒಮ್ಮೆ ದಾಟಿಸಿ, ರೋಮ ಸುಟ್ಟು ಹೋಗ್ತದೆ. ಮೇಣದ ಬತ್ತಿ ಬೇಡ, ಮಸಿ ಕೂತು ನೀಲಿ ಕಪ್ಪಾಗ್ತದೆ.

ಈಗ ಹಚ್ಚುವ ವಿಷಯ. ರೆಸಿನ್, ಹಾರ್ಡನರ್ ಬಾಟ್ಲಿ ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ತೆಳ್ಳಗಾಗ್ತದೆ. ಮರದ ಕಡ್ಡಿಯೊಳಗೆ ಗಾಳಿ ಇರ್ತದೆ, ಆ ಗಾಳಿಯೇ ಗುಳ್ಳೆಯಾಗಿ ಬರುವುದು, ಹಾಗಾಗಿ ಸ್ಟೀಲ್ ಕಡ್ಡಿಯಲ್ಲಿ ಕಲಸಿ. ಆಮ್ಲೆಟ್ಟಿಗೆ ಬಡಿದ ಹಾಗೆ ಬಡಿಯಬೇಡಿ, ನಿಧಾನ ಮೂರು ನಿಮಿಷ, ಗೋಡೆ, ತಳ ಕೆರೆದು ಕೆರೆದು ಕಲಸಿ. ಕೂಡಲೇ ಅಲ್ಯೂಮಿನಿಯಂ ಫಾಯಿಲ್ ಮೇಲೆ ಸುರಿದು ಹರಡಿಬಿಡಿ. ಕಪ್ಪಿನಲ್ಲೇ ಇಟ್ಟರೆ ತನ್ನದೇ ಬಿಸಿಗೆ ಬೇಗ ಗಟ್ಟಿಯಾಗ್ತದೆ, ಹರಡಿದರೆ ಬಿಸಿ ಆರ್ತದೆ, ಗುಳ್ಳೆಯೂ ಮೇಲೆ ಬಂದು ಒಡೀತದೆ. ಸುರಿಯುವಾಗ ಕಪ್ಪಿನ ಗೋಡೆಗೆ ಅಂಟಿದ್ದನ್ನು ಕೆರೆದು ತೆಗೆಯಬೇಡಿ, ಸರಿಯಾಗಿ ಬೆರೆಯದ ಭಾಗ ಇರುವುದೇ ಅಲ್ಲಿ.

ರಾಡ್ ಮಟ್ಟಸ ಇರಬೇಕು. ಒಂದು ತುದಿ ಎತ್ತರವಾದರೆ ಎಪಾಕ್ಸಿ ಆಚೆ ತುದಿಗೆ ಇಳಿದು ಅಲ್ಲಿ ಗಂಟು ಕಟ್ಟುತ್ತದೆ. ಮೊದಲು ಗೈಡಿನ ಕಾಲಿನ ಎರಡು ಪಕ್ಕದ ಸಂದಿಗೆ ಒಂದೊಂದು ಹನಿ ಬಿಡಿ. ನೂಲು ಅಲ್ಲಿ ಬ್ಲಾಂಕಿಗೆ ತಾಗುವುದಿಲ್ಲ, ಸುರಂಗದ ಹಾಗೆ ಖಾಲಿ ಜಾಗ ಇರ್ತದೆ, ನಿಮ್ಮ ಸಾಸಿವೆ ಗುಳ್ಳೆಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಒಂದು ತುದಿಯಿಂದ ಹನಿ ಬಿಟ್ಟು ಆಚೆ ತುದಿಯಲ್ಲಿ ಅದು ಇಣುಕುವ ತನಕ ಕಾಯಿರಿ. ಎರಡೂ ಬಾಯಿ ಒಟ್ಟಿಗೆ ಮುಚ್ಚಿದರೆ ಗಾಳಿ ಒಳಗೇ ಉಳಿದು ರಾತ್ರಿ ಹೊರಗೆ ಬರ್ತದೆ. ಆಮೇಲೆ ರಾಡ್ ತಿರುಗಿಸುತ್ತಾ ಉಳಿದ ಕಡೆ ಹಚ್ಚಿ. ಅಂಚಿಗೆ ಬಂದಾಗ ಬ್ರಷ್ ಅಲ್ಲಾಡಿಸಬೇಡಿ, ಅದನ್ನು ಒಂದೇ ಕಡೆ ಹಿಡಿದು ರಾಡನ್ನು ಒಂದು ಸುತ್ತು ತಿರುಗಿಸಿ. ಗೆರೆ ಎಳೆದ ಹಾಗೆ ಅಂಚು ಬರ್ತದೆ.

ಪೂರಾ ಹಚ್ಚಿ ಹತ್ತು ನಿಮಿಷ ರಾಡ್ ತಿರುಗಿಸುವುದನ್ನು ನಿಲ್ಲಿಸಿಬಿಡಿ. ಹೆಚ್ಚಾದದ್ದೆಲ್ಲ ಕೆಳಬದಿಗೆ ಇಳಿದು ತೂಗ್ತದೆ. ಅದನ್ನು ಒಣ ಬ್ರಷ್‌ನಲ್ಲಿ ಮುಟ್ಟಿ ಎತ್ತಿ. ಅರ್ಧ ಸುತ್ತು ತಿರುಗಿಸಿ, ಕಾಯಿರಿ, ಪುನಃ ಎತ್ತಿ. ಇಷ್ಟು ತೆಗೆದರೆ ಏನು ಉಳೀತದೆ ಅಂತ ಅನಿಸ್ತದೆ, ಮೊದಲ ಕೋಟಿನಲ್ಲಿ ನೂಲಿನ ಉಬ್ಬು ತಗ್ಗು ಕಾಣುವಷ್ಟು ತೆಳ್ಳಗೇ ಇರಬೇಕು. ಹೊಟ್ಟೆ ಬರುವುದು ಒಂದೇ ಕೋಟಿನಲ್ಲಿ ಮುಗಿಸುವ ಆತುರಕ್ಕೆ.

ಗುಳ್ಳೆ ಉಳಿದಿದ್ದರೆ ಸ್ಪಿರಿಟ್ ದೀಪವನ್ನು ಕೆಳಗಿನಿಂದ ಒಂದು ಕ್ಷಣ ತೋರಿಸಿ ತೆಗೆಯಿರಿ. ಎಪಾಕ್ಸಿ ಬೆಚ್ಚಗಾಗಿ ನೀರಾಗ್ತದೆ, ಗುಳ್ಳೆ ಒಡೀತದೆ. ಜಾಸ್ತಿ ಹೊತ್ತು ಹಿಡಿದರೆ ನೂಲಿನೊಳಗಿನ ಗಾಳಿ ಹಿಗ್ಗಿ ಹೊಸ ಗುಳ್ಳೆ ಏಳ್ತದೆ. ಆಮೇಲೆ ಟ್ಯೂಬ್‌ಲೈಟಿನ ಕೆಳಗೆ ನಿಂತು ಸುತ್ತಿನ ಮೇಲೆ ಅದರ ಬಿಂಬ ನೋಡಿ. ಬೆಳಕಿನ ಗೆರೆ ನೆಟ್ಟಗೆ ಇದ್ದರೆ ಸಮ ಆಗಿದೆ. ಗೆರೆ ಎಲ್ಲಿ ಸೊಟ್ಟಗಾಯ್ತೋ ಅಲ್ಲಿ ಎಪಾಕ್ಸಿ ಹೆಚ್ಚಾಗಿದೆ. ಕಣ್ಣಿಗೆ ಕಾಣದ ಉಬ್ಬು ಆ ಬಿಂಬದಲ್ಲಿ ಕಾಣ್ತದೆ.

ಇನ್ನು ಮಳೆ. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳ ಗಾಳಿಯ ತೇವ ನೂರಕ್ಕೆ ತೊಂಬತ್ತರ ಹತ್ತಿರ. ಹಾರ್ಡನರಿನಲ್ಲಿರುವ ಅಮೈನ್ ಅನ್ನುವ ರಾಸಾಯನಿಕ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಎರಡರ ಜೊತೆ ಸೇರಿ ಮೇಲ್ಮೈಯಲ್ಲಿ ಜಿಡ್ಡಿನಂಥ ಮಬ್ಬು ಪದರ ಕಟ್ಟುತ್ತದೆ. ಒಳಗೆ ಗಟ್ಟಿಯಾಗಿದ್ದರೂ ಮುಟ್ಟಿದರೆ ಜಿಗುಟು. ಅದಾದರೆ ಸೋಪು ನೀರಿನಲ್ಲಿ ತೊಳೆದರೆ ಹೋಗ್ತದೆ. ನಿಮ್ಮದರಲ್ಲಿ ಗುರುತು ಬೀಳ್ತದೆ ಅಂದ್ರಿ, ಹಾಗಾಗಿ ಅದು ಅಳತೆಯದ್ದೇ. ಆದ್ರೂ ಹೊಸದಾಗಿ ಮಾಡುವಾಗ ಕೋಣೆ ಬೆಚ್ಚಗಿಡಿ. 26 ಡಿಗ್ರಿಯ ಗಾಳಿಯನ್ನು 32ಕ್ಕೆ ಏರಿಸಿದರೆ ಸಾಕು, ಅದೇ ತೊಂಬತ್ತರ ತೇವ ಅರವತ್ತೈದರ ಆಸುಪಾಸಿಗೆ ಇಳೀತದೆ. ಉದ್ದದ ರಟ್ಟಿನ ಪೆಟ್ಟಿಗೆಯಲ್ಲಿ ರಾಡಿನ ಆ ಭಾಗ ಇಟ್ಟು, ಹಳೇ 60 ವಾಟಿನ ಬಲ್ಬ್ ರಟ್ಟಿಗೆ ತಾಗದ ಹಾಗೆ ತೂಗು ಹಾಕಿ. ಧೂಳಿಗೂ ಮರೆಯಾಯ್ತು.

ಬೆತ್ತದಕೋಲು

ಮೈಸೂರಿಂದ ಬರೀತಿದ್ದೀನಿ. ನಾನು ಕಟ್ಟೋದು ಹಳೇ ಸೀಳುಬಿದಿರಿನ ರಾಡ್‌ಗಳು, ಎಪಾಕ್ಸಿ ಕಡಿಮೆ, ವಾರ್ನಿಷ್ ಜಾಸ್ತಿ. ನೂಲುಗಂಟು ಅವರು ಹೇಳಿದ್ದಕ್ಕೆ ಬಣ್ಣದ ಬಗ್ಗೆ ಒಂದು ಸೇರಿಸ್ತೀನಿ. ಮಾಮೂಲಿ ನೈಲಾನ್ ನೂಲಿಗೆ ಎಪಾಕ್ಸಿ ಇಳಿದರೆ ಅದು ಅರೆಪಾರದರ್ಶಕ ಆಗುತ್ತೆ. ತಿಳಿ ಬಣ್ಣಗಳು ಮಾಯ, ಕೆಳಗಿನ ಗೈಡಿನ ಕಾಲು, ಬ್ಲಾಂಕಿನ ಕಪ್ಪು ಎಲ್ಲ ಕಾಣುತ್ತೆ. ಬಿಳಿ ನೂಲಂತೂ ಇಲ್ಲವೇ ಇಲ್ಲ ಅನ್ನೋ ಹಾಗೆ. ನಿಮ್ಮ ಕಡುನೀಲಿ ಇನ್ನೂ ಕಪ್ಪಗಾಗಿರಬೇಕು, ಬಂಗಾರದ್ದು ಲೋಹದ ಹೊಳಪಿನ ನೂಲಾದ್ದರಿಂದ ಹಾಗೇ ಉಳಿದಿರುತ್ತೆ. ಬಣ್ಣ ಉಳೀಬೇಕು ಅಂದ್ರೆ ಮೊದಲು ಕಲರ್ ಪ್ರಿಸರ್ವರ್ ಹಚ್ಚಿ ಪೂರ್ತಿ ಒಣಗಿಸಬೇಕು. ಆದರೆ ಸಾರ್, ಅದು ನೂಲಿನ ರಂಧ್ರ ತುಂಬಿಬಿಡೋದರಿಂದ ಎಪಾಕ್ಸಿ ಆಳಕ್ಕೆ ಇಳಿಯಲ್ಲ. ಸಮುದ್ರದ ರಾಡಿಗೆ ನಾನಾದರೆ ಹಾಕಲ್ಲ. ಹಿಡಿತ ಮುಖ್ಯ, ಬಣ್ಣ ಆಮೇಲೆ. ಮಾರ್ಕೆಟ್ಟಲ್ಲಿ ಬಾಂಡೆಡ್ ನೈಲಾನ್ ಅಂತ ಚಪ್ಪಲಿ ಹೊಲಿಯೋ ನೂಲು ಸಿಗುತ್ತಲ್ಲ, ಅದನ್ನೂ ತರಬೇಡಿ. ಅದರ ಮೇಲೆ ಮೊದಲೇ ಲೇಪ ಇರುತ್ತೆ, ಎಪಾಕ್ಸಿ ಒಳಗೆ ಹೋಗಲ್ಲ.

ನಮ್ಮೂರಿನ ವ್ಯಾನ್ ಇಂಗೆನ್ ಮನೆತನದವರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಮೀನು ಎತ್ತಿದ್ದು ಎಪಾಕ್ಸಿ ರಾಡ್ ಫಿನಿಶ್ ಬರೋಕೆ ಮುಂಚಿನ ಮಾತು. ಆಗೆಲ್ಲ ರೇಷ್ಮೆ ನೂಲು, ಮೇಲೆ ವಾರ್ನಿಷ್. ಒಂದೊಂದು ಕೋಟ್ ಒಣಗಿ, ತಿಕ್ಕಿ, ಮತ್ತೆ ಹಚ್ಚಿ, ಹೀಗೆ ವಾರಗಟ್ಟಲೆ ಹೋಗೋದು. ಎರಡು ಕೋಟಿಗೆ ಬೇಜಾರು ಮಾಡ್ಕೋಬೇಡಿ.

ಗಂಗೊಳ್ಳಿ_ಗಾಳ

ಡಬ್ಬಿ ನೋಡಿದೆ. ಇಂಗ್ಲಿಷಿನಲ್ಲಿ ಇರುವೆ ಸಾಲಿನಷ್ಟು ಸಣ್ಣಕ್ಕೆ "ತೂಕದಲ್ಲಿ" ಅಂತ ಬರೆದಿದ್ದಾರೆ ಮಾರಾಯ್ರೆ. ನೂಲೂ ಟೈಲರ್ ಅಂಗಡಿಯದ್ದೇ. ಈಗ ಎರಡು ಪ್ರಶ್ನೆ. ಈ ಅಂಟಿನ ಮೇಲೇ ಸರಿಯಾದ ಎಪಾಕ್ಸಿ ಒಂದು ಕೋಟ್ ಹೊಡೆದರೆ ನಡೀತದಾ ಅಥವಾ ಎಲ್ಲ ಕಿತ್ತು ಹಾಕ್ಬೇಕಾ? ಮತ್ತೆ ತಿರುಗಿಸುವ ಮೋಟರ್ ನನ್ನ ಹತ್ರ ಇಲ್ಲ. ರಾತ್ರಿಯಿಡೀ ಕೂತು ಕೈಯಲ್ಲಿ ತಿರುಗಿಸಬೇಕಾ?

ನೂಲುಗಂಟು

ಬರೀ ಮೇಲೆ ಸ್ವಲ್ಪ ಜಿಗುಟು ಅಂತಾದರೆ ಸರಿಯಾಗಿ ಅಳೆದ ತೆಳು ಕೋಟ್ ಹೊಡೆದು ಮುಚ್ಚಬಹುದು. ಒತ್ತಿದರೆ ಗುರುತು ಬೀಳುವುದನ್ನು ಮುಚ್ಚಿದರೆ ಮೇಲೆ ಗಟ್ಟಿ, ಒಳಗೆ ಮೆತ್ತಗೆ. ಬಿಸಿಲಲ್ಲಿ ಗೈಡ್ ಅಲ್ಲಾಡ್ತದೆ. ಕಿತ್ತುಬಿಡಿ, ಹೇಗೂ ನೂಲು ಬದಲಿಸಬೇಕಲ್ಲ.

ಕೀಳುವುದು ಹೀಗೆ. ತಲೆಕೂದಲು ಒಣಗಿಸುವ ಡ್ರೈಯರಿನಲ್ಲಿ ಬೆಚ್ಚಗೆ ಮಾಡಿ. ಕೈಯಲ್ಲಿ ಹಿಡಿಯಲಿಕ್ಕೆ ಆಗದಷ್ಟು ಬಿಸಿ ಬೇಡ, ಬ್ಲಾಂಕಿನೊಳಗೂ ಎಪಾಕ್ಸಿಯೇ ಇರುವುದು. ಆಮೇಲೆ ಹೊಸ ಬ್ಲೇಡಿನಲ್ಲಿ ಗೈಡಿನ ಕಾಲಿನ ಮೇಲ್ಗಡೆ, ಕೆಳಗೆ ಲೋಹ ಇರುವ ಜಾಗದಲ್ಲಿ ಮಾತ್ರ, ಉದ್ದಕ್ಕೆ ಸಿಗಿಯಿರಿ. ಬ್ಲೇಡಿನ ತುದಿ ಬ್ಲಾಂಕಿಗೆ ತಾಗಿತೋ, ಕಣ್ಣಿಗೆ ಕಾಣದ ಗೀರಿನಿಂದಲೇ ಕಾರ್ಬನ್ ರಾಡ್ ಒಂದು ದಿನ ಟಕ್ಕನೆ ಮುರೀತದೆ. ಗೈಡ್ ತೆಗೆದ ಮೇಲೆ ಉಳಿದ ಚೂರನ್ನು ಉಗುರಿನಲ್ಲೋ ಹಳೇ ಎಟಿಎಂ ಕಾರ್ಡಿನಲ್ಲೋ ತಳ್ಳಿ ತೆಗೆಯಿರಿ. ಜಿಗುಟು ಐಸೊಪ್ರೊಪಿಲ್ಲಿಗೆ ಹೋಗ್ತದೆ.

ಮೋಟರಿಗೆ ದೊಡ್ಡ ಖರ್ಚಿಲ್ಲ. ಮೈಕ್ರೊವೇವ್ ಒಲೆಯ ತಟ್ಟೆ ತಿರುಗಿಸುವ ಮೋಟರ್ ಬಿಡಿಯಾಗಿ ಸಿಗ್ತದೆ, ನಿಮಿಷಕ್ಕೆ ಐದಾರು ಸುತ್ತು, ಆ ವೇಗ ನಮಗೆ ಬೇಕಾದಷ್ಟಾಯ್ತು. ಕೆಲವು ನೇರ 230 ವೋಲ್ಟಿನವು, ಎಲ್ಲವೂ ಅಲ್ಲ, ಹಾಗಾಗಿ ಮೋಟರಿನ ಮೇಲೆ ಬರೆದದ್ದು ನೋಡಿಯೇ ಪ್ಲಗ್ಗಿಗೆ ಹಾಕಿ. ತಂತಿ ಸೇರುವ ಜಾಗ ಸರಿಯಾಗಿ ಮುಚ್ಚಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಒಮ್ಮೊಮ್ಮೆ ಬಲಕ್ಕೆ, ಒಮ್ಮೊಮ್ಮೆ ಎಡಕ್ಕೆ ತಿರುಗಲು ಶುರು ಮಾಡ್ತದೆ, ಅದು ಕೆಟ್ಟದ್ದಲ್ಲ, ಅದರ ಜಾಯಮಾನ ಹಾಗೆ. ಅದರ ದಂಡಕ್ಕೆ ಪಿ.ವಿ.ಸಿ. ಪೈಪಿನ ಮುಚ್ಚಳ ಸಿಕ್ಕಿಸಿ, ಒಳಗೆ ಸ್ಪಂಜು ತುರುಕಿ ರಾಡಿನ ಬುಡ ಕೂರಿಸಿದರೆ ಆಯ್ತು. ಆಚೆ ತುದಿಗೆ ರಟ್ಟಿನ ಪೆಟ್ಟಿಗೆಯಲ್ಲಿ V ಆಕಾರದ ಕಚ್ಚು.

ಅದು ಬರುವ ತನಕ ಕೈಯೇ ಗತಿ. ಎರಡೇ ಗೈಡಿಗೆ ಅದೇನು ಕಷ್ಟವಲ್ಲ. ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೆ ಅರ್ಧ ಸುತ್ತು, ಆಮೇಲೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ. ಮೂರು ನಾಲ್ಕು ಗಂಟೆಯಲ್ಲಿ ಇಳಿಯುವುದು ನಿಲ್ತದೆ. ಫಾಯಿಲ್ ಮೇಲೆ ಉಳಿದದ್ದನ್ನು ಕಡ್ಡಿಯಲ್ಲಿ ಮುಟ್ಟಿ ನೋಡ್ತಾ ಇರಿ. ರಾಡಿನ ಮೇಲೆ ಬೆರಳಿಡಬೇಡಿ, ಎಷ್ಟು ಆಸೆಯಾದರೂ.

ಎರಡನೇ ಕೋಟ್ ಮರುದಿನವೇ ಹಚ್ಚಿದರೆ ತಿಕ್ಕುವ ಕೆಲಸ ಇಲ್ಲ. ತಡವಾದರೆ ಪಾತ್ರೆ ತಿಕ್ಕುವ ಹಸಿರು ನಾರು ಅಥವಾ 600ರ ವಾಟರ್ ಪೇಪರಿನಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಒರೆಸಿ, ಹಚ್ಚಿ. ಮೊದಲ ಕೋಟಿನಲ್ಲಿ ರೋಮ, ಧೂಳಿನ ಉಬ್ಬು ಎದ್ದಿದ್ದರೆ ಬ್ಲೇಡನ್ನು ಮಲಗಿಸಿ ಕ್ಷೌರ ಮಾಡಿದ ಹಾಗೆ ಹೆರೆಯಬಹುದು. ಗೀರು ಬೆಳ್ಳಗೆ ಕಂಡು ಹೆದರಿಕೆ ಆಗ್ತದೆ, ಎರಡನೇ ಕೋಟ್ ಅದರೊಳಗೆ ಇಳಿದ ಕೂಡಲೇ ಮಾಯ.

ಮಸ್ಕತ್_ಮಂಜ

ಊರು ಕುಂದಾಪುರ, ಕೆಲಸ ಮಸ್ಕತ್ತಿನಲ್ಲಿ. ಶುಕ್ರವಾರ ಬಂತೆಂದರೆ ಇಲ್ಲಿ ಕಿಂಗ್‌ಫಿಶ್‌ಗೆ, ಅಂದ್ರೆ ನಮ್ಮ ಅಂಜಲ್ ಮೀನಿಗೆ, ಹೋಗುವವರ ದಂಡೇ ಉಂಟು, ಹಾಗಾಗಿ ರಾಡ್ ರಿಪೇರಿ ಮುಗಿಯುವುದೇ ಇಲ್ಲ. ಎ.ಸಿ. ಕೋಣೆಯಲ್ಲಿ ತೇವದ ಕಾಟ ಇಲ್ಲ, ಆದರೆ ಎ.ಸಿ. ಗಾಳಿ ನೇರ ರಾಡಿಗೆ ಬಡಿದರೆ ಧೂಳು ತಂದು ಅಂಟಿಸ್ತದೆ, ತಣ್ಣಗಾಗಿ ಎಪಾಕ್ಸಿ ದಪ್ಪವೂ ಆಗ್ತದೆ. ಊರಲ್ಲಿ ಎ.ಸಿ. ಇದ್ದವರು ಡ್ರೈ ಮೋಡ್‌ನಲ್ಲಿ ಒಂದು ಗಂಟೆ ಓಡಿಸಿ, ಆಫ್ ಮಾಡಿ, ಆಮೇಲೆ ಹಚ್ಚಿ.

ಗ್ಲೌಸ್ ಬಗ್ಗೆ ಯಾರೂ ಹೇಳಲಿಲ್ಲ. ನೈಟ್ರೈಲ್ ಗ್ಲೌಸ್ ಹಾಕ್ಕೊಳ್ಳಿ. ಹಸಿ ಎಪಾಕ್ಸಿ ಮೈಗೆ ತಾಗಿ ತಾಗಿ ಒಂದು ದಿನ ಅಲರ್ಜಿ ಶುರುವಾದರೆ ಆಮೇಲೆ ಅದರ ಹತ್ತಿರ ಹೋದರೂ ತುರಿಕೆ, ಅದಕ್ಕೆ ವಾಪಸ್ ದಾರಿ ಇಲ್ಲ. ಕೈಗೆ ತಾಗಿದರೆ ಥಿನ್ನರ್ ಹಾಕಬೇಡಿ, ಅದು ಇನ್ನೂ ಒಳಗೆ ಇಳಿಸ್ತದೆ. ಒರೆಸಿ, ಸೋಪು ಹಾಕಿ ತೊಳೆಯಿರಿ.

ಮಲ್ಪೆ_ಮಿತ್ರ

ಬೋಟಿನ ವಿಷಯ ಈಗ ಅರ್ಥ ಆಯ್ತು. ಈ ಯು.ವಿ. ರೆಸಿನ್ ಹೇಗೆ? ನೇರಳಾತೀತ ಬೆಳಕಿನ ಟಾರ್ಚ್ ಹಿಡಿದರೆ ನಿಮಿಷದಲ್ಲಿ ಗಟ್ಟಿ ಅಂತಾರೆ. ತಿರುಗಿಸುವ ರಗಳೆಯೂ ಇಲ್ಲ, ಮಳೆಯ ರಗಳೆಯೂ ಇಲ್ಲ.

ನೂಲುಗಂಟು

ತುರ್ತಿಗೆ ಅಡ್ಡಿಯಿಲ್ಲ, ನಾಳೆ ಬೆಳಿಗ್ಗೆ ಗಾಳಕ್ಕೆ ಹೋಗಲಿಕ್ಕುಂಟು ಅಂದರೆ ನಾನೂ ಹಾಕ್ತೇನೆ. ಆದರೆ ಸಮ ಆಗುವ ಮೊದಲೇ ಟಾರ್ಚ್ ಹಿಡಿಯುವ ಚಪಲ ತಡೆಯಲಿಕ್ಕೆ ಆಗುವುದಿಲ್ಲ, ಉಬ್ಬು ತಗ್ಗು ಹಾಗೇ ಕಲ್ಲಾಗ್ತದೆ. ಗೈಡಿನ ಕಾಲಿನ ಅಡಿಗೆ ಬೆಳಕು ಹೋಗುವುದಿಲ್ಲ, ಕಡು ಬಣ್ಣದ ನೂಲಿನ ಒಳಗೂ ಹೋಗುವುದಿಲ್ಲ. ಮೇಲೆ ಗಟ್ಟಿ, ಕೆಳಗೆ ಹಸಿ. ಗಂಗೊಳ್ಳಿಯವರದ್ದು ಕಡುನೀಲಿ, ಅದಕ್ಕಂತೂ ಬೇಡ.

ಗಂಗೊಳ್ಳಿ_ಗಾಳ

ಆಯ್ತು, ರಾಡ್ ಫಿನಿಶನ್ನೇ ತರಿಸ್ತೇನೆ. ಎ ಸೈಜಿನ ನೈಲಾನ್ ನೂಲೂ ಹೇಳಿದ್ದೇನೆ. ಎರಡನೇ ಕೋಟ್ ಆದ ಮೇಲೆ ಮರುದಿನವೇ ಬ್ರೇಕ್‌ವಾಟರಿಗೆ ಒಯ್ಯಬಹುದಾ? ಮಳೆ ಬಿಟ್ಟರೆ ಕೆಂಬೇರಿ ಮೀನು ಸಿಗ್ತಾ ಉಂಟಂತೆ.

ನೂಲುಗಂಟು

ಮರುದಿನ ಮುಟ್ಟಿದರೆ ಗಟ್ಟಿ ಅನಿಸ್ತದೆ, ಉಗುರು ಒತ್ತಿದರೆ ಇಳೀತದೆ. ಒಂದು ವಾರ ಗೋಡೆಗೆ ಒರಗಿಸದೆ ತೂಗು ಹಾಕಿಡಿ. ಅಲ್ಲಿಯ ತನಕ ಹಳೇ ರಾಡ್ ಒಯ್ಯಿರಿ.